ಮಿರೆಲ್ಲಾ ಫ್ರೇನಿ: ಯಾವ ಧ್ವನಿಮುದ್ರಿಕೆಯಿಂದ ಶುರು ಮಾಡುವುದು?

ಸಂಗೀತದ ಆ್ಯಪ್‌ನಲ್ಲಿ ಇಟಲಿಯ ಒಪೆರಾ ಗಾಯಕಿ ಮಿರೆಲ್ಲಾ ಫ್ರೇನಿ ಅವರನ್ನು ಹುಡುಕಿದರೆ ಒಂದೇ ಒಪೆರಾ, ಅಂದರೆ ಬಹುತೇಕ ಹಾಡಿನಲ್ಲೇ ನಡೆಯುವ ನಾಟಕ, ಎರಡು ಮೂರು ಸಲ ಎದುರಾಗುತ್ತದೆ. ‘ಲಾ ಬೊಹೆಮ್’ ಗಾಯಕ ನಿಕೊಲಾಯ್ ಗೆಡ್ಡಾ ಜೊತೆಗೊಂದು, ಇನ್ನೊಬ್ಬ ಗಾಯಕ ಪವರೊಟ್ಟಿ ಜೊತೆಗೊಂದು, ಸಿನಿಮಾ ರೂಪದಲ್ಲಿ ಮತ್ತೊಂದು. ‘ಮದಾಮ ಬಟರ್‌ಫ್ಲೈ’ ಸ್ಟುಡಿಯೊದಲ್ಲಿ ಎರಡು ಸಲ, ತೆರೆಯ ಮೇಲೆ ಒಂದು ಸಲ. ಅದರ ಜೊತೆಗೆ ಬೇರೆ ರಚನಕಾರರಾದ ವೆರ್ಡಿ, ಮಸ್ಕಾನಿ, ಚೈಕೊವ್‌ಸ್ಕಿ. ಮೊದಲೆರಡು ಒಪೆರಾಗಳನ್ನು ರಚಿಸಿದ ಪುಚ್ಚಿನಿಯ ಹೆಸರು ಕೇಳಿ ಕುತೂಹಲ ಹುಟ್ಟಿದವರು ಈ ಪಟ್ಟಿಯ ಮುಂದೆ ತಬ್ಬಿಬ್ಬಾಗುತ್ತಾರೆ. ಸುಮ್ಮನೆ ಮೊದಲು ಕಂಡದ್ದನ್ನು ಒತ್ತುವ ಆಯ್ಕೆಯೂ ಇದೆ. ಆದರೆ ಒಪೆರಾ ಎಂದರೆ ಎರಡು ಗಂಟೆಯ ಮಾತು. ಮೊದಲ ಸಲ ಹೊಂದದ್ದನ್ನು ಕೇಳಿದವರು ಮತ್ತೆ ಆ ಕಡೆ ತಲೆ ಹಾಕುವುದು ಕಡಿಮೆ.

ಫ್ರೇನಿ ಅವರ ವಿಷಯದಲ್ಲಿ ಆಯ್ಕೆ ಮಾಡುವ ದಾರಿಯೊಂದಿದೆ. ಒಪೆರಾದ ಹೆಸರಿಗಿಂತ ಮೊದಲು ವರ್ಷವನ್ನು ನೋಡಬೇಕು. ಯಾವ ಪಾತ್ರವನ್ನು ಯಾವ ವಯಸ್ಸಿನಲ್ಲಿ ಹಾಡಬೇಕು ಎಂಬ ವಿವೇಕ ಅವರಲ್ಲಿ ಇದ್ದಷ್ಟು ಅವರ ಕಾಲದ ಬೇರೆ ಸೊಪ್ರಾನೊಗಳಲ್ಲಿ, ಅಂದರೆ ಏರು ಕಂಠದ ಗಾಯಕಿಯರಲ್ಲಿ, ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಐವತ್ತು ವರ್ಷ ಅವರ ಶಾರೀರ ಬಾಳಿದ್ದಕ್ಕೆ ಅದೇ ಕಾರಣ. ಹಾಗಾಗಿ ನೀವು ಆರಿಸುವುದು ಒಂದು ಧ್ವನಿಮುದ್ರಿಕೆಯನ್ನು ಮಾತ್ರವಲ್ಲ, ಆ ಶಾರೀರದ ಒಂದು ಪ್ರಾಯವನ್ನು ಕೂಡ.

ಅವರ ಬದುಕಿನ ಗೆರೆಗಳನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಹುಟ್ಟಿದ್ದು 1935ರ ಫೆಬ್ರವರಿ 27ರಂದು, ಉತ್ತರ ಇಟಲಿಯ ಮೊದೆನಾದಲ್ಲಿ. ಅದೇ ಊರಿನಲ್ಲಿ ಅದೇ ವರ್ಷ ಲುಚಾನೊ ಪವರೊಟ್ಟಿ ಹುಟ್ಟಿದರು. ಇಬ್ಬರ ತಾಯಂದಿರೂ ತಂಬಾಕು ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಇಬ್ಬರು ಮಕ್ಕಳಿಗೂ ಹಾಲೂಡಿಸಿದ ದಾದಿ ಒಬ್ಬಳೇ. ಹೆಚ್ಚು ಹಾಲು ಯಾರ ಪಾಲಾಯಿತು ಎಂಬುದು ಇಬ್ಬರ ಮೈಕಟ್ಟು ನೋಡಿದರೇ ತಿಳಿಯುತ್ತದೆ ಎಂದು ಫ್ರೇನಿ ನಗೆಯಾಡುತ್ತಿದ್ದರು. 1955ರಲ್ಲಿ ಮೊದೆನಾದ ರಂಗಮಂದಿರದಲ್ಲೇ ‘ಕಾರ್ಮೆನ್’ನ ಮಿಕಾಯೆಲಾ ಆಗಿ ರಂಗಪ್ರವೇಶ. ಆಮೇಲೆ ಮದುವೆ, ಮಗಳು, ಕೆಲವು ವರ್ಷಗಳ ಬಿಡುವು. ಮಗಳಿಗೆ ಮಿಕಾಯೆಲಾ ಎಂದೇ ಹೆಸರಿಟ್ಟರು. 1960ರ ಸುಮಾರಿಗೆ ಇಂಗ್ಲೆಂಡಿನ ಗ್ಲೈಂಡ್‌ಬರ್ನ್‌ನಲ್ಲಿ ಮೊಟ್ಸಾರ್ಟ್, 1963ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಕಂಡಕ್ಟರ್ (ವಾದ್ಯವೃಂದವನ್ನು ನಡೆಸುವವರು) ಕಾರಾಯಾನ್ ಅವರ ನಿರ್ದೇಶನದಲ್ಲಿ ‘ಲಾ ಬೊಹೆಮ್’ನ ನಾಯಕಿ ಮಿಮಿ, 1965ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಮತ್ತೆ ಮಿಮಿ. ನಡುವೆ 1964ರಲ್ಲಿ ಲಾ ಸ್ಕಾಲಾದ ‘ಲಾ ತ್ರಾವಿಯಾತಾ’ದಲ್ಲಿ ಮೇಲಿನ ಗ್ಯಾಲರಿಯವರು ಕೂಗಾಡಿ ಅವಮಾನಿಸಿದ ಪ್ರಸಂಗವೂ ಇದೆ. ಎಪ್ಪತ್ತರ ದಶಕದಲ್ಲಿ ತೂಕದ ವೆರ್ಡಿ ಪಾತ್ರಗಳು, ಎಂಬತ್ತರಲ್ಲಿ ರಷ್ಯನ್ ಒಪೆರಾ, ತೊಂಬತ್ತರಲ್ಲಿ ಜೊರ್ದಾನೊ ಅವರ ‘ಫೆದೊರಾ’ದಂಥವು. 2005ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ವಾಷಿಂಗ್ಟನ್‌ನಲ್ಲಿ ಚೈಕೊವ್‌ಸ್ಕಿಯ ಜೋನ್ ಆಫ್ ಆರ್ಕ್ ಆಗಿ ಕೊನೆಯ ಸಲ ವೇದಿಕೆ ಏರಿದರು. ತೀರಿಕೊಂಡದ್ದು 2020ರ ಫೆಬ್ರವರಿಯಲ್ಲಿ, ಹುಟ್ಟಿದ ಊರಿನಲ್ಲೇ.

ಇದರ ನಡುವೆ ಬೇಡವೆಂದದ್ದೂ ಬಹಳ. ಕಾರಾಯಾನ್ ಅಂಥವರು ಕೇಳಿದರೂ ಪುಚ್ಚಿನಿಯ ತುರಾಂದೊತ್ ಎಂಬ ಭಾರವಾದ ಪಾತ್ರಕ್ಕೆ ಒಪ್ಪಲಿಲ್ಲ. ಬಟರ್‌ಫ್ಲೈಯನ್ನು ಮೈಕಿನ ಮುಂದೆ ಹಾಡಿದರೇ ಹೊರತು ಜೀವಮಾನದಲ್ಲಿ ಒಮ್ಮೆಯೂ ರಂಗದ ಮೇಲೆ ಪೂರ್ತಿಯಾಗಿ ಹಾಡಲಿಲ್ಲ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಆಗಲೇ ಹೇಳಿದ ವರ್ಷ. ಅರವತ್ತರ ದಶಕದ ಫ್ರೇನಿ ಹಗುರ, ತಾರ ಸ್ಥಾಯಿಯಲ್ಲಿ ಸಲೀಸು. ಎಪ್ಪತ್ತರ ದಶಕದಲ್ಲಿ ಮಧ್ಯ ಸ್ಥಾಯಿ ತುಂಬಿಕೊಂಡು, ಮೇಲಿನ ಸ್ವರಗಳಿಗೂ ಮೈ ಬಂದಿರುತ್ತದೆ. ಎಂಬತ್ತರ ನಂತರ ಕಂಪನ ಸ್ವಲ್ಪ ಅಗಲವಾಗಿ, ಅದಕ್ಕೆ ಬದಲಾಗಿ ಮಾತಿನ ಅನುಭವ ಹೆಚ್ಚುತ್ತದೆ.

ಎರಡನೆಯದು ಆರ್ಕೆಸ್ಟ್ರಾ ಅವರಿಗೆ ಎಷ್ಟು ಜಾಗ ಬಿಡುತ್ತದೆ ಎಂಬುದು. ಇದು ನಮ್ಮ ಕಿವಿಗೆ ಹೊಸ ವಿಚಾರ. ನಮ್ಮ ಕಛೇರಿಯಲ್ಲಿ ಪಿಟೀಲು, ಮೃದಂಗ ಹಾಡುವವರನ್ನು ಹಿಂಬಾಲಿಸುತ್ತವೆ, ಎದುರಿಗೆ ಮೈಕೂ ಇರುತ್ತದೆ. ಒಪೆರಾ ಮಂದಿರದಲ್ಲಿ ಮೈಕ್ ಇಲ್ಲ. ಎಪ್ಪತ್ತು ಎಂಬತ್ತು ವಾದ್ಯಗಳನ್ನು ದಾಟಿ ಕೊನೆಯ ಸಾಲಿನವರೆಗೆ ಶಾರೀರವೇ ಹೋಗಬೇಕು. ಒಪೆರಾ ಗಾಯನದ ಆ ತುಂಬು ನಾದ, ಆ ಕಂಪನ ಹುಟ್ಟಿದ್ದೇ ಈ ಅಗತ್ಯದಿಂದ. ಹೊಸಬರಿಗೆ ಮೊದಲ ಹತ್ತು ನಿಮಿಷ ಇದು ಕಿರುಚಾಟವೆನಿಸುವುದು ಸಹಜ. ಫ್ರೇನಿಯಿಂದ ಶುರು ಮಾಡಿ ಎಂದು ನಾನು ಹೇಳುವುದಕ್ಕೆ ಇದೂ ಕಾರಣ: ಅವರ ನಾದದ ಅಂಚುಗಳು ಚೂಪಾಗಿಲ್ಲ, ಕಂಪನ ಹದವಾಗಿದೆ, ಶ್ರುತಿ ಜಾರುವುದಿಲ್ಲ. ಆದರೆ ಧ್ವನಿಮುದ್ರಿಕೆಯಲ್ಲಿ ಕಂಡಕ್ಟರ್ ಮತ್ತು ಮುದ್ರಣದ ಎಂಜಿನಿಯರ್ ಮನಸ್ಸು ಮಾಡಿದರೆ ಎಂಥ ಶಾರೀರವನ್ನೂ ವಾದ್ಯಗಳಡಿ ಮುಳುಗಿಸಬಲ್ಲರು.

ಮೂರನೆಯದು ಎದುರು ನಿಂತು ಹಾಡುವವರು. ಫ್ರೇನಿ ಒಂಟಿಯಾಗಿ ಮೆರೆಯುವ ಗಾಯಕಿಯಲ್ಲ, ಅವರ ಒಳ್ಳೆಯ ಗಳಿಗೆಗಳೆಲ್ಲ ಯುಗಳ ಗೀತೆಗಳಲ್ಲಿವೆ. ನಾಲ್ಕನೆಯದು ನಿಮ್ಮ ಅನುಕೂಲ. ನೋಡಬೇಕೋ, ಕೇಳಿದರೆ ಸಾಕೋ? ಎಷ್ಟು ಹೊತ್ತಿದೆ? ಎಷ್ಟು ಖರ್ಚು ಮಾಡಬಲ್ಲಿರಿ? ಹಣದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೂವರು ಮಿಮಿಯರು

ಹೆಚ್ಚಿನವರು ತಡವರಿಸುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ‘ಲಾ ಬೊಹೆಮ್’ನ ಕಥೆ ಸರಳ. ಪ್ಯಾರಿಸ್ಸಿನ ಒಂದು ಮೇಲಟ್ಟದ ಕೋಣೆ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಒಲೆಗೆ ಸೌದೆಯಿಲ್ಲದ ಬಡ ಕವಿ ರೊಡೊಲ್ಫೊ. ಆರಿಹೋದ ಮೇಣದಬತ್ತಿ ಹೊತ್ತಿಸಿಕೊಳ್ಳಲು ಪಕ್ಕದ ಕೋಣೆಯ ಕಸೂತಿ ಹಾಕುವ ಹುಡುಗಿ ಮಿಮಿ ಬರುತ್ತಾಳೆ. ಪ್ರೀತಿ, ಮುನಿಸು, ಕ್ಷಯರೋಗ, ಸಾವು. ಇಷ್ಟೇ.

ಅರವತ್ತರ ದಶಕದ ಮೊದಲಲ್ಲಿ ರೋಮಿನಲ್ಲಿ ಮುದ್ರಣವಾದ ಇಎಂಐ ಸಂಸ್ಥೆಯದು ಒಂದು. ಕಂಡಕ್ಟರ್ ಥಾಮಸ್ ಶಿಪ್ಪರ್ಸ್, ರೋಮ್ ಒಪೆರಾದ ಆರ್ಕೆಸ್ಟ್ರಾ, ರೊಡೊಲ್ಫೊ ಆಗಿ ಸ್ವೀಡನ್ನಿನ ಗೆಡ್ಡಾ. 1972ರ ಅಕ್ಟೋಬರಿನಲ್ಲಿ ಬರ್ಲಿನ್ನಿನ ಒಂದು ಚರ್ಚಿನಲ್ಲಿ ಡೆಕ್ಕಾ ಸಂಸ್ಥೆ ಮುದ್ರಿಸಿಕೊಂಡದ್ದು ಇನ್ನೊಂದು. ಕಾರಾಯಾನ್, ಬರ್ಲಿನ್ ಫಿಲ್‌ಹಾರ್ಮೊನಿಕ್, ರೊಡೊಲ್ಫೊ ಆಗಿ ಪವರೊಟ್ಟಿ. ಆಗ ಮೊದೆನಾದ ಆ ಇಬ್ಬರು ಮಕ್ಕಳಿಗೂ ಮೂವತ್ತೇಳು. ಇವೆರಡರ ನಡುವೆ 1965ರ ಸಿನಿಮಾ. ಅದಕ್ಕೂ ಕಾರಾಯಾನ್ ಅವರೇ ಕಂಡಕ್ಟರ್, ಆದರೆ ಲಾ ಸ್ಕಾಲಾದ ವಾದ್ಯವೃಂದ. ದೃಶ್ಯದ ನಿರ್ದೇಶನ ಫ್ರಾಂಕೊ ಝೆಫಿರೆಲ್ಲಿ, ರೊಡೊಲ್ಫೊ ಜಾನ್ನಿ ರೈಮೊಂದಿ.

ಆಡಿಯೊ ಎರಡನ್ನೂ ಪೂರ್ತಿ ಕೇಳಿ ಹೋಲಿಸುವ ತಾಳ್ಮೆ ಇಲ್ಲದವರು ಮೂರು ಜಾಗಗಳನ್ನು ಕೇಳಿದರೆ ಸಾಕು.

ಒಂದು, ಮೊದಲ ಅಂಕದಲ್ಲಿ ಮಿಮಿ ತನ್ನ ಪರಿಚಯ ಹೇಳಿಕೊಳ್ಳುವ ಹಾಡು. ನನ್ನನ್ನು ಮಿಮಿ ಎನ್ನುತ್ತಾರೆ, ಹೂವಿನ ಕಸೂತಿ ಹಾಕುತ್ತೇನೆ, ಒಬ್ಬಳೇ ಊಟ ಮಾಡುತ್ತೇನೆ ಎಂದು ಚಿಕ್ಕ ಚಿಕ್ಕ ಮಾತಾಡುತ್ತಿದ್ದವಳು ‘ಹಿಮ ಕರಗುವಾಗ ಮೊದಲ ಬಿಸಿಲು ನನ್ನದು’ ಎಂಬ ಸಾಲಿಗೆ ಬಂದೊಡನೆ ಪುಚ್ಚಿನಿ ತಂತಿವಾದ್ಯಗಳನ್ನೆಲ್ಲ ಅವಳ ಬೆನ್ನಿಗೆ ನಿಲ್ಲಿಸುತ್ತಾನೆ. ಶಿಪ್ಪರ್ಸ್ ಇಲ್ಲಿ ಆರ್ಕೆಸ್ಟ್ರಾವನ್ನು ಸ್ವಲ್ಪ ಹಿಡಿದು, ಫ್ರೇನಿಯನ್ನು ಮುಂದೆ ಬಿಡುತ್ತಾರೆ. ಇಪ್ಪತ್ತೆಂಟರ ಆಸುಪಾಸಿನ ಶಾರೀರ ಯಾವ ಪ್ರಯಾಸವೂ ಇಲ್ಲದೆ ಅರಳುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಕಾರಾಯಾನ್ ಅದೇ ಜಾಗದಲ್ಲಿ ಬರ್ಲಿನ್ನಿನ ತಂತಿಗಳನ್ನು ಪೂರ್ತಿ ಬಿಡುತ್ತಾರೆ. ಕೇಳಿದರೆ ಮೈ ನವಿರೇಳುತ್ತದೆ, ಸುಳ್ಳಲ್ಲ. ಆದರೆ ಆ ರೋಮಾಂಚನದಲ್ಲಿ ಅರ್ಧ ಪಾಲು ಆರ್ಕೆಸ್ಟ್ರಾದ್ದು.

ಎರಡು, ಮೂರನೆಯ ಅಂಕದ ಬೀಳ್ಕೊಡುಗೆ. ಮುನಿಸಿಲ್ಲದೆ ಅಗಲೋಣ, ನನ್ನ ಸಾಮಾನು ಕಟ್ಟಿಡು, ದಿಂಬಿನ ಕೆಳಗೆ ಆ ಗುಲಾಬಿ ಟೊಪ್ಪಿಗೆ ಇದೆ, ಬೇಕಿದ್ದರೆ ನೆನಪಿಗೆ ಇಟ್ಟುಕೋ ಎನ್ನುತ್ತಾಳೆ. ಇಲ್ಲಿ ನನ್ನ ಮತ 1972ಕ್ಕೆ. ಮಧ್ಯ ಸ್ಥಾಯಿಗೆ ಬಂದಿದ್ದ ತುಂಬು ಈ ಹಾಡಿಗೆ ಬೇಕೇ ಬೇಕು. ಟೊಪ್ಪಿಗೆಯ ಮಾತು ಬರುವ ಮೊದಲು ಫ್ರೇನಿ ಒಂದು ಗಳಿಗೆ ತಡೆಯುತ್ತಾರೆ, ಹೇಳಲೋ ಬೇಡವೋ ಎಂಬಂತೆ. ಹಿಂದಿನ ಮುದ್ರಣದಲ್ಲಿ ಇದೇ ಜಾಗ ಚೆನ್ನಾಗಿದೆಯಾದರೂ ಹುಡುಗಿಯ ಅಳುವಾಗಿ ಕೇಳುತ್ತದೆ. 1972ರದು ಎಲ್ಲ ತಿಳಿದ ಹೆಂಗಸಿನ ಮಾತು.

ಮೂರು, ಸಾವಿನ ಹಾಸಿಗೆ. ಗೆಳೆಯರೆಲ್ಲ ಹೊರಗೆ ಹೋದ ಮೇಲೆ ಮಿಮಿ ‘ಹೋದರೇ? ನಿದ್ದೆಯ ನಟನೆ ಮಾಡುತ್ತಿದ್ದೆ’ ಎನ್ನುತ್ತಾಳೆ. ಕೆಳಗಿಳಿಯುವ ಸಣ್ಣ ಸಾಲು, ಯಾವ ಅಲಂಕಾರವೂ ಇಲ್ಲ. ಎರಡರಲ್ಲೂ ಫ್ರೇನಿ ಕೆಮ್ಮು, ಬಿಕ್ಕುಗಳ ನಾಟಕ ಮಾಡುವುದಿಲ್ಲ. ನಾದವನ್ನು ತೆಳುವಾಗಿಸುತ್ತಾರೆ, ಅಷ್ಟೇ. ಇಲ್ಲಿ ಎರಡೂ ಸರಿಸಮ.

ಉಳಿದ ಅಂಶಗಳಲ್ಲಿ ತೂಗಿದರೆ: ಗೆಡ್ಡಾ ಅಚ್ಚುಕಟ್ಟು, ಉಚ್ಚಾರ ಸ್ಪಷ್ಟ, ಆದರೆ ಸ್ವಲ್ಪ ತಂಪು. ಪವರೊಟ್ಟಿ ಆಗ ಏರುಜವ್ವನದ ಕಂಠದಲ್ಲಿದ್ದರು, ಅವರ ತಾರ ಸ್ವರಗಳಿಗಾಗಿಯೇ ಈ ಮುದ್ರಿಕೆಯನ್ನು ಕೊಳ್ಳುವವರು ಇಂದಿಗೂ ಇದ್ದಾರೆ. 1972ರ ಮುದ್ರಣದ ವೈಶಾಲ್ಯ, ಚರ್ಚಿನ ಗಾಳಿಯ ಗುಂಗು ಒಳ್ಳೆಯ ಹೆಡ್‌ಫೋನಿನಲ್ಲಿ ಬೆರಗು ಹುಟ್ಟಿಸುತ್ತವೆ. ರೋಮಿನದು ಅದರ ಮುಂದೆ ಒಣಗಿದಂತೆ ಕೇಳುತ್ತದೆ, ಎರಡನೆಯ ಅಂಕದ ಜನಜಂಗುಳಿ ಇಕ್ಕಟ್ಟಾಗಿದೆ. ಆದರೆ ಕಾರಾಯಾನ್ ಅವರ ನಿಧಾನ ಗತಿ ಎಲ್ಲರಿಗೂ ಒಗ್ಗುವುದಿಲ್ಲ. ತುಪ್ಪ ಹೆಚ್ಚಾದ ಹೋಳಿಗೆಯಂತೆ ಅದು: ಮೊದಲನೆಯದು ಅಮೃತ, ಎರಡನೆಯದಕ್ಕೆ ಕೈ ಹೋಗುವುದಿಲ್ಲ. ಇನ್ನೊಂದು ಮಾತು. 1972ರದರಲ್ಲಿ ತತ್ತ್ವಜ್ಞಾನಿ ಕೊಲ್ಲೀನೆ ತನ್ನ ಹಳೆಯ ಕೋಟಿಗೆ ವಿದಾಯ ಹೇಳುವ ಪುಟ್ಟ ಹಾಡನ್ನು ಬಲ್ಗೇರಿಯದ ನಿಕೊಲಾಯ್ ಗ್ಯಾವುರೊವ್ ಹಾಡಿದ್ದಾರೆ. ಮುಂದೆ ಫ್ರೇನಿ ಮದುವೆಯಾದದ್ದು ಇವರನ್ನೇ. ಮಿಮಿಯ ಔಷಧಿಗಾಗಿ ಕೋಟು ಮಾರಲು ಹೊರಟವನ ಹಾಡು ಎಂಬುದನ್ನು ನೆನಪಿಟ್ಟು ಕೇಳಿ.

ಸಿನಿಮಾ ಯಾರಿಗೆ? ಮಾತು ಅರ್ಥವಾಗದೆ ಕೇಳಲಾರೆ ಎನ್ನುವವರಿಗೆ. ಕೆಳಗೆ ಸಬ್‌ಟೈಟಲ್ ಇರುತ್ತದೆ, ಪಾತ್ರಗಳ ಮುಖ ಕಾಣುತ್ತದೆ, ಮೂವತ್ತರ ಫ್ರೇನಿ ಮಿಮಿಯಂತೆಯೇ ಇದ್ದಾರೆ. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಕೂಡಿಸಿರುವುದು ಅಲ್ಲಲ್ಲಿ ಗೊತ್ತಾಗುತ್ತದೆ. ನಮಗೆ ಹಿನ್ನೆಲೆ ಗಾಯನದ ಸಿನಿಮಾ ಹೊಸತಲ್ಲವಾದ್ದರಿಂದ ಅದು ತೊಡಕಾಗಲಾರದು. ಇಲ್ಲಿ ಹಾಡಿದವರೂ ಅಭಿನಯಿಸಿದವರೂ ಒಬ್ಬರೇ ಎಂಬುದಷ್ಟೇ ವ್ಯತ್ಯಾಸ.

ನನ್ನನ್ನು ಒಂದನ್ನೇ ಹೇಳಿ ಎಂದರೆ, ಫ್ರೇನಿಗಾಗಿ ಕೇಳುವವರಿಗೆ ಶಿಪ್ಪರ್ಸ್. ಪುಚ್ಚಿನಿಗಾಗಿಯೋ ಪವರೊಟ್ಟಿಗಾಗಿಯೋ ಕೇಳುವವರಿಗೆ ಕಾರಾಯಾನ್. ಪತ್ರಿಕೆಗಳ ‘ಶ್ರೇಷ್ಠ ಧ್ವನಿಮುದ್ರಿಕೆ’ಗಳ ಪಟ್ಟಿಯಲ್ಲಿ ಮೇಲಿರುವುದು 1972ರದೇ. ಅದನ್ನು ಕೇಳಿ ಮೆಚ್ಚಿದವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ಯಾರೂ ಸಾಯದ ಒಪೆರಾ

ಒಪೆರಾ ಎಂದರೆ ಕೊನೆಗೆ ನಾಯಕಿ ಸಾಯಲೇಬೇಕೇ ಎಂದು ಬೇಸರಪಡುವವರಿಗೆ ಮಸ್ಕಾನಿಯ ‘ಲಾಮಿಕೊ ಫ್ರಿಟ್ಸ್’. 1891ರ ಕೃತಿ. ಆಲ್ಸೇಸ್ ಪ್ರಾಂತದ ಸಿರಿವಂತ ಬ್ರಹ್ಮಚಾರಿ ಫ್ರಿಟ್ಸ್, ಅವನ ಜಮೀನು ನೋಡಿಕೊಳ್ಳುವವನ ಮಗಳು ಸೂಜೆಲ್. ಮದುವೆಯೇ ಬೇಡ ಎಂದು ಪಣ ಕಟ್ಟಿದವನು ಕೊನೆಗೆ ಸೋಲುತ್ತಾನೆ. ಒಟ್ಟು ಒಂದೂವರೆ ಗಂಟೆ.

1968ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ವಾದ್ಯವೃಂದದೊಂದಿಗೆ ಜಾನಾಂದ್ರೇಯಾ ಗವಾತ್ಸೇನಿ ನಿರ್ದೇಶಿಸಿದ ಮುದ್ರಣದಲ್ಲಿ ಫ್ರೇನಿ, ಪವರೊಟ್ಟಿ ಇಬ್ಬರೂ ಇದ್ದಾರೆ. ಪವರೊಟ್ಟಿ ಆಗಿನ್ನೂ ಜಗತ್ಪ್ರಸಿದ್ಧರಾಗಿರಲಿಲ್ಲ. ಎರಡನೆಯ ಅಂಕದಲ್ಲಿ ಬೆಳಗಿನ ತೋಟದಲ್ಲಿ ಸೂಜೆಲ್ ಚೆರ್ರಿ ಹಣ್ಣು ಕೀಳುತ್ತಿರುತ್ತಾಳೆ, ಫ್ರಿಟ್ಸ್ ಬರುತ್ತಾನೆ. ಮಾತು ಬರೀ ಹಣ್ಣಿನದು, ಹೂವಿನದು. ಮರದ ಮೇಲಿಂದ ಅವಳು ಕಿತ್ತು ಎಸೆಯುತ್ತಾಳೆ, ಕೆಳಗಿಂದ ಅವನು ಹಿಡಿಯುತ್ತಾನೆ. ಆ ಹತ್ತು ನಿಮಿಷಗಳ ಯುಗಳ ಗೀತೆಯಲ್ಲಿ ಫ್ರೇನಿ ಅವರ ಸೌಜನ್ಯ ಎಂದು ನಾನು ಹೇಳುವುದು ಕಿವಿಗೇ ಸಿಗುತ್ತದೆ. ಪವರೊಟ್ಟಿಯ ಸಾಲು ಬಂದಾಗ ತನ್ನ ನಾದವನ್ನು ತಗ್ಗಿಸಿ ದಾರಿ ಬಿಡುತ್ತಾರೆ. ತಾರ ಸ್ವರವನ್ನು ಅವರಿಗಿಂತ ಒಂದು ಕ್ಷಣ ಹೆಚ್ಚು ಹಿಡಿದು ಗೆಲ್ಲುವ ಚಪಲ ತೋರುವುದಿಲ್ಲ. ಅಷ್ಟಾದರೂ ಕೇಳಿ ಮುಗಿಸಿದಾಗ ನೆನಪಿನಲ್ಲಿ ಉಳಿಯುವುದು ಸೂಜೆಲ್.

ಕೊರತೆಯೆಂದರೆ ಒಪೆರಾದ ಮೂರನೆಯ ಅಂಕ ಜಾಳು. ಕಥೆಯಲ್ಲಿ ಕಾವು ಕಡಿಮೆ. ನಾಟಕ ಬೇಕೆನ್ನುವವರಿಗೆ ಇದು ಸಪ್ಪೆಯಾಗಬಹುದು. ನನಗೆ ಮಾತ್ರ ಹೊಸಬರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಬಾಗಿಲು ಕಂಡಿಲ್ಲ.

ಬಟರ್‌ಫ್ಲೈ: ಆಡಿಯೊವೋ ಸಿನಿಮಾವೋ

ಅಮೆರಿಕದ ನೌಕಾಧಿಕಾರಿಯನ್ನು ನಂಬಿ ಮದುವೆಯಾದ ನಾಗಸಾಕಿಯ ಹದಿನೈದರ ಹುಡುಗಿ, ಮೂರು ವರ್ಷ ಕಾದು ಮೋಸಹೋಗುವ ಕಥೆ. ಹದಿನೈದರ ಹುಡುಗಿ ಎಂದು ಪುಸ್ತಕದಲ್ಲಿದೆ, ಆದರೆ ಪುಚ್ಚಿನಿ ಅವಳ ಹಿಂದೆ ಇಟ್ಟಿರುವ ಆರ್ಕೆಸ್ಟ್ರಾ ಬಲಶಾಲಿ ಸೊಪ್ರಾನೊವನ್ನು ಬೇಡುತ್ತದೆ. ಒಂದೇ ರಾತ್ರಿಯಲ್ಲಿ, ಬಹುತೇಕ ಎಡೆಬಿಡದೆ ಹಾಡಬೇಕು. ಫ್ರೇನಿ ರಂಗದ ಮೇಲೆ ಇದನ್ನು ಮುಟ್ಟದೆ ಸ್ಟುಡಿಯೊಕ್ಕೆ ಮಾತ್ರ ಒಪ್ಪಿದ್ದು ಅದಕ್ಕೇ. ಅಲ್ಲಿ ಒಂದು ಭಾಗ ಹಾಡಿ, ದಣಿವಾರಿಸಿಕೊಂಡು, ಮರುದಿನ ಮುಂದಿನದನ್ನು ಹಾಡಬಹುದು.

1974ರ ಜನವರಿಯಲ್ಲಿ ವಿಯೆನ್ನಾದಲ್ಲಿ ಆದ ಡೆಕ್ಕಾ ಮುದ್ರಣದಲ್ಲಿ ಕಾರಾಯಾನ್, ವಿಯೆನ್ನಾ ಫಿಲ್‌ಹಾರ್ಮೊನಿಕ್, ಪವರೊಟ್ಟಿ, ಸೇವಕಿ ಸುಜುಕಿಯಾಗಿ ಕ್ರಿಸ್ತಾ ಲೂಡ್ವಿಗ್. ಅದೇ ಕಾಲದ ಜಾನ್ ಪಿಯೆರ್ ಪೊನೆಲ್ ಅವರ ಸಿನಿಮಾದಲ್ಲಿ ಪವರೊಟ್ಟಿ ಬದಲು ಪ್ಲಾಸಿಡೊ ಡೊಮಿಂಗೊ, ಉಳಿದ ಮುಖ್ಯರು ಹೆಚ್ಚು ಕಡಿಮೆ ಅವರೇ. 1987ರಲ್ಲಿ ಸಿನೊಪೊಲಿ ನಿರ್ದೇಶನದಲ್ಲಿ ಇನ್ನೊಮ್ಮೆ ಹಾಡಿದರು. ಅದನ್ನು ಎರಡನೆಯ ಸುತ್ತಿಗೆ ಇಡಿ.

ಆಡಿಯೊದ ಗೆಲುವು ನಾದದಲ್ಲಿ. ಮೊದಲ ಅಂಕದ ಕೊನೆಯ ಪ್ರೇಮಗೀತೆಯನ್ನು ಇಷ್ಟು ಸಿರಿವಂತವಾಗಿ ನುಡಿಸಿ ಹಾಡಿದ ಮುದ್ರಿಕೆ ಬೇರೆ ಇಲ್ಲ. ಸಿನಿಮಾದ ಗೆಲುವು ಮುಖದಲ್ಲಿ. ಅವನು ಬಂದೇ ಬರುತ್ತಾನೆ ಎಂಬ ಪ್ರಸಿದ್ಧ ಹಾಡನ್ನು ಕೇಳುವಾಗ ಅವಳು ನಂಬಿದ್ದಾಳೆ ಎನಿಸುತ್ತದೆ. ನೋಡುವಾಗ ಅವಳು ನಂಬಲು ಪ್ರಯತ್ನಿಸುತ್ತಿದ್ದಾಳೆ ಎನಿಸುತ್ತದೆ. ಆ ವ್ಯತ್ಯಾಸ ದೊಡ್ಡದು. ಪೊನೆಲ್ ಅವರ ಕಲ್ಪನೆಗಳು ಕೆಲವು ಕಡೆ ಅತಿಯಾಗಿವೆ. ಜಪಾನೀ ಹೆಣ್ಣಿನ ವೇಷದಲ್ಲಿ ಇಟಲಿಯ ಗಾಯಕಿಯನ್ನು ನೋಡುವುದು ಇಂದಿನ ಕಣ್ಣಿಗೆ ಮುಜುಗರ ತರಬಹುದು. ಅದು ಕಾಡುವವರು ಆಡಿಯೊಕ್ಕೇ ಅಂಟಿಕೊಳ್ಳಿ. ಚಿಕ್ಕ ಮಕ್ಕಳೊಂದಿಗೆ ಕೂತು ನೋಡುವ ಸಿನಿಮಾ ಅಂತೂ ಅಲ್ಲ, ಕೊನೆಯ ದೃಶ್ಯ ಬಲು ಕಠಿಣ.

ವೆರ್ಡಿಯ ಕಡೆಗೆ

ಇಲ್ಲಿಗೆ ಬರುವವರು ಸ್ವಲ್ಪ ಕಿವಿ ಪಳಗಿದವರು ಎಂದುಕೊಳ್ಳುತ್ತೇನೆ. ಪುಚ್ಚಿನಿಯ ಹಾಗೆ ವೆರ್ಡಿ ಕೂಡಲೇ ಒಲಿಯುವುದಿಲ್ಲ.

‘ಸಿಮೊನ್ ಬೊಕ್ಕನೇಗ್ರಾ’ ಗಂಡಸರ ಒಪೆರಾ. ಜೆನೊವಾ ನಗರದ ಆಡಳಿತಗಾರ, ಅವನ ಹಳೆಯ ಶತ್ರು, ಪಿತೂರಿಗಾರ, ಪ್ರೇಮಿ. ಇವರೆಲ್ಲರ ನಡುವೆ ಹೆಣ್ಣು ದನಿ ಅಮೇಲಿಯಾಳದೊಂದೇ. 1977ರ ಡಾಯ್ಚ ಗ್ರಾಮೊಫೋನ್ ಮುದ್ರಣದಲ್ಲಿ ಕಂಡಕ್ಟರ್ ಕ್ಲೌದಿಯೊ ಅಬ್ಬಾದೊ ಮತ್ತು ಲಾ ಸ್ಕಾಲಾ, ಹಾಡುವವರು ಪಿಯೆರೊ ಕಪ್ಪುಚ್ಚಿಲ್ಲಿ, ಗ್ಯಾವುರೊವ್, ಹೊಸೆ ಕರೇರಾಸ್, ಜೊಸೆ ವಾನ್ ಡಾಮ್. ಇವರಲ್ಲಿ ದುರ್ಬಲರು ಒಬ್ಬರೂ ಇಲ್ಲ. ಸಮುದ್ರದಂಚಿನ ಮುಂಜಾವನ್ನು ಚಿತ್ರಿಸುವ ವಾದ್ಯಗಳ ಮಿನುಗಿನ ಮೇಲೆ ಫ್ರೇನಿ ಪ್ರವೇಶಿಸುತ್ತಾರೆ. ಆಮೇಲೆ ಇಪ್ಪತ್ತೈದು ವರ್ಷಗಳ ಹಿಂದೆ ಕಳೆದುಹೋದ ಮಗಳು ಇವಳೇ ಎಂದು ತಂದೆ ಗುರುತಿಸುವ ದೃಶ್ಯ. ಕಪ್ಪುಚ್ಚಿಲ್ಲಿ ಕೊನೆಗೆ ‘ಮಗಳೇ’ ಎಂಬ ಒಂದೇ ಪದವನ್ನು ಮೇಲಿನ ಸ್ವರದಲ್ಲಿ ಮೆಲುದನಿಯಲ್ಲಿ ಹಿಡಿಯುತ್ತಾರೆ. ಸಭಾಭವನದ ದೃಶ್ಯದಲ್ಲಿ ಗಂಡಸರ ದೊಡ್ಡ ಗದ್ದಲದ ಮೇಲೆ ಶಾಂತಿಯನ್ನು ಬೇಡುವ ಅಮೇಲಿಯಾಳ ಸಾಲನ್ನು ಕಿವಿಗೊಟ್ಟು ಕೇಳಿ. ಕೂಗದೆ ಇಡೀ ಸಭೆಯ ಮೇಲೆ ತೇಲುವ ಶಾರೀರ ಅದು. ಫ್ರೇನಿ ಅವರ ಒಟ್ಟು ಸಾಧನೆಯ ಶಿಖರ ಯಾವುದು ಎಂದರೆ ನಾನು ಮಿಮಿಯನ್ನು ಬಿಟ್ಟು ಇದನ್ನೇ ತೋರಿಸುತ್ತೇನೆ. ತೊಡಕು ಎಂದರೆ ಕಥೆ ಸಿಕ್ಕು ಸಿಕ್ಕು. ಓದಿಕೊಳ್ಳದೆ ಕೂತರೆ ಯಾರು ಯಾರ ಮಗಳು ಎಂಬುದೇ ತಿಳಿಯುವುದಿಲ್ಲ.

‘ದೊನ್ ಕಾರ್ಲೊ’ ಬೇಕೆಂದರೆ ಎರಡು ದಾರಿ: ಎಪ್ಪತ್ತರ ದಶಕದ ಕೊನೆಯ ಕಾರಾಯಾನ್ ಆಡಿಯೊ, ಅಥವಾ 1983ರ ಮೆಟ್ರೊಪಾಲಿಟನ್ ರಂಗಪ್ರಯೋಗದ ವಿಡಿಯೊ. ಎರಡನೆಯದನ್ನೇ ಆರಿಸಿ. ಡೊಮಿಂಗೊ, ಗ್ಯಾವುರೊವ್, ಫ್ರೇನಿ ಮೂವರೂ ಒಂದೇ ವೇದಿಕೆಯ ಮೇಲೆ ಇದ್ದಾರೆ. ಗಂಡ ಹೆಂಡತಿ ರಂಗದಲ್ಲೂ ಗಂಡ ಹೆಂಡತಿ, ಅದೂ ಪ್ರೀತಿಯಿಲ್ಲದ ದಾಂಪತ್ಯದ ರಾಜ ರಾಣಿ! ಮೂರೂವರೆ ಗಂಟೆ ಕೂರುವ ತಯಾರಿ ಬೇಕು.

1979ರ ‘ಐಡಾ’ವನ್ನು ಸದ್ಯಕ್ಕೆ ಬಿಡಿ. ಚೆನ್ನಾಗಿ ಹಾಡಿದ್ದಾರೆ, ಆದರೆ ಆ ಪಾತ್ರದ ಭಾರ ಅವರ ಶಾರೀರದ್ದಲ್ಲ.

ಐವತ್ತು ದಾಟಿದ ಮೇಲೆ

ಕಂಠ ಮಾಗುವುದನ್ನು ಕೇಳುವ ರುಚಿ ಇರುವವರಿಗೆ ಇಲ್ಲಿ ಎರಡಿವೆ. ಎಂಬತ್ತರ ದಶಕದ ಕೊನೆಯಲ್ಲಿ ಜೇಮ್ಸ್ ಲೆವೈನ್ ನಿರ್ದೇಶನದಲ್ಲಿ ಡ್ರೆಸ್ಡನ್ ವಾದ್ಯವೃಂದದೊಂದಿಗೆ ಹಾಡಿದ ಚೈಕೊವ್‌ಸ್ಕಿಯ ‘ಯೆವ್ಗೇನಿ ಒನೇಗಿನ್’ ಒಂದು. ಅದರ ನಾಯಕಿ, ಕವಿ ಪುಷ್ಕಿನ್ನನ ತತ್ಯಾನಾ, ರಾತ್ರಿಯಿಡೀ ಪ್ರೇಮಪತ್ರ ಬರೆಯುವ ದೃಶ್ಯದಲ್ಲಿ ಹದಿಹರೆಯ ಕಾಣಿಸುವುದಿಲ್ಲ, ಐವತ್ತು ದಾಟಿದ ದನಿಗೆ ಅದು ದಕ್ಕುವಂಥದ್ದಲ್ಲ. ಆದರೆ ಕೊನೆಯ ಅಂಕದಲ್ಲಿ ರಾಜಕುಮಾರನ ಹೆಂಡತಿಯಾಗಿ ಹಳೆಯ ಪ್ರೇಮಿಯನ್ನು ಹಿಂದಕ್ಕೆ ಕಳಿಸುವಾಗ ಇಡೀ ಮುದ್ರಿಕೆ ಸಾರ್ಥಕವಾಗುತ್ತದೆ.

ಇನ್ನೊಂದು 1989ರ ಲಾ ಸ್ಕಾಲಾದ ‘ಅದ್ರಿಯಾನಾ ಲೆಕೂವ್ರರ್’ ವಿಡಿಯೊ. ನಾಯಕಿಯೇ ರಂಗನಟಿ. ಮೊದಲ ಹಾಡಿನಲ್ಲೇ ತಾನು ಕಲೆಯ ವಿನೀತ ಸೇವಕಿ ಮಾತ್ರ ಎಂದು ಹೇಳಿಕೊಳ್ಳುತ್ತಾಳೆ. ಬೇರೆ ಗಾಯಕಿಯರು ಈ ಹಾಡನ್ನು ರಾಣಿಯಂತೆ ಹಾಡಿ ತಮ್ಮ ಕಂಠವನ್ನು ಮೆರೆಸುವುದುಂಟು. ಫ್ರೇನಿ ಅದರ ಮಾತನ್ನು ಹಾಗೆಯೇ ನಂಬಿ ಹಾಡುತ್ತಾರೆ. ಗ್ಯಾವುರೊವ್ ಜೊತೆ ಸೇರಿ ವಿಞೋಲಾದಲ್ಲಿ ಕಿರಿಯರಿಗಾಗಿ ಗಾಯನ ಶಾಲೆ ನಡೆಸಿದವರು ಈ ಹಾಡನ್ನು ಹೀಗಲ್ಲದೆ ಬೇರೆ ಹೇಗೆ ಹಾಡಿಯಾರು!

ಖರ್ಚಿನ ಮಾತು

ಏನೂ ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಯೂಟ್ಯೂಬ್‌ನಲ್ಲಿ ಧ್ವನಿಮುದ್ರಣ ಸಂಸ್ಥೆಗಳೇ ಹಾಕಿರುವ ಆಡಿಯೊ ಸಿಗುತ್ತದೆ. ಆದರೆ ಒಪೆರಾವನ್ನು ಹತ್ತಾರು ತುಂಡು ಮಾಡಿ ಹಾಕಿರುತ್ತಾರೆ. ಮಿಮಿ ಉಸಿರು ಎಳೆಯುವ ಜಾಗದಲ್ಲಿ ಸಾಬೂನಿನ ಜಾಹೀರಾತು ಬಂದರೆ ಮುಗಿಯಿತು. ಬಿಡಿ ಹಾಡು ಕೇಳಲು ಇದು ಸಾಕು, ಪೂರ್ತಿ ಕೇಳಲು ಆಗದು.

ತಿಂಗಳ ಚಂದಾ ಕೊಡುವ ಆ್ಯಪ್ ಇದ್ದರೆ ಬಹುಪಾಲು ಆಡಿಯೊ ಅಲ್ಲೇ ಇದೆ. ಹುಡುಕುವಾಗ ಒಪೆರಾದ ಹೆಸರಿನೊಂದಿಗೆ ಕಂಡಕ್ಟರ್ ಹೆಸರನ್ನೂ ಸೇರಿಸಿ, ಇಲ್ಲವಾದರೆ ಬೇರೆ ಗಾಯಕಿಯರದೇ ಮೊದಲು ಬರುತ್ತದೆ. ಹಳೆಯ ಇಎಂಐ ಮುದ್ರಣಗಳು ಈಗ ವಾರ್ನರ್ ಹೆಸರಿನಲ್ಲಿವೆ. ಷಫಲ್ ಆಫ್ ಮಾಡಿ, ಹಾಡುಗಳ ನಡುವೆ ಖಾಲಿ ಬಿಡದ ಆಯ್ಕೆಯನ್ನು ಆನ್ ಮಾಡಿ. ಇದು ಸಣ್ಣ ವಿಷಯವೆನಿಸಬಹುದು, ಆದರೆ ಒಪೆರಾದಲ್ಲಿ ಸಂಗೀತ ಹರಿಯುತ್ತಲೇ ಇರುವುದರಿಂದ ಅರ್ಧ ಸೆಕೆಂಡಿನ ಕಡಿತವೂ ಕುತ್ತಿಗೆ ಹಿಸುಕಿದಂತಾಗುತ್ತದೆ. ಆ್ಯಪ್‌ನಲ್ಲಿ ಸಾಹಿತ್ಯದ ಪುಸ್ತಿಕೆ ಬರುವುದಿಲ್ಲ. ಪ್ರಸಿದ್ಧ ಒಪೆರಾಗಳ ಸಾಹಿತ್ಯ, ಇಂಗ್ಲಿಷ್ ಅನುವಾದದ ಸಹಿತ, ಅಂತರ್ಜಾಲದಲ್ಲಿ ಸಿಗುತ್ತದೆ. ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಸಿಡಿ, ಡಿವಿಡಿಗಳು ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು. ಸಾಗಣೆ, ಸುಂಕ ಸೇರಿದರೆ ಬೆಲೆ ಏರುತ್ತದೆ. ವಿದೇಶದಲ್ಲಿರುವ ನೆಂಟರು ಊರಿಗೆ ಬರುವಾಗ ಅಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತರಿಸಿಕೊಳ್ಳುವುದು ಅಗ್ಗ. ಒಂದೇ ಒಂದಕ್ಕೆ ಹಣ ಹಾಕುವುದಾದರೆ ವಿಡಿಯೊಕ್ಕೆ ಹಾಕಿ. ಆಡಿಯೊ ಹೇಗೂ ಚಂದಾದಲ್ಲಿ ಸಿಗುತ್ತದೆ, ಒಳ್ಳೆಯ ಸಬ್‌ಟೈಟಲ್ ಇರುವ ವಿಡಿಯೊ ಸುಲಭಕ್ಕೆ ಸಿಗುವುದಿಲ್ಲ. ಬೊಹೆಮ್ ಸಿನಿಮಾ ಮೊದಲು, ಅದ್ರಿಯಾನಾ ಆಮೇಲೆ. ‘ಹೈಲೈಟ್ಸ್’ ಎಂದು ಬರೆದ ಒಂಟಿ ತಟ್ಟೆಗಳು ಅಗ್ಗವಾಗಿ ಸಿಗುತ್ತವೆ. ಕಾರಿನಲ್ಲಿ ಕೇಳಲು ಸರಿ. ಆದರೆ ಅವುಗಳಲ್ಲಿ ಹಾಡುಗಳ ನಡುವಿನ ಮಾತುಕತೆಯೇ ಹಾರಿಹೋಗಿರುತ್ತದೆ, ಫ್ರೇನಿ ಅರ್ಧ ಗೆಲ್ಲುವುದು ಆ ಮಾತುಕತೆಯಲ್ಲಿ.

ಹೊತ್ತು ಕಡಿಮೆ ಇರುವವರಿಗೆ ಚೆರ್ರಿ ಹಣ್ಣಿನ ಯುಗಳ ಗೀತೆ, ಹತ್ತೇ ನಿಮಿಷ. ಒಂದು ರಜೆಯ ಮಧ್ಯಾಹ್ನ ಪೂರ್ತಿ ಇರುವವರಿಗೆ ಬೊಹೆಮ್. ಮನೆಯವರೆಲ್ಲ ಕೂತು ನೋಡುವುದಾದರೆ ಝೆಫಿರೆಲ್ಲಿ. ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತದಲ್ಲಿ ಪಳಗಿದ ಕಿವಿಯಿದ್ದು, ಕಥೆಗಿಂತ ನಾದವೇ ಮುಖ್ಯವೆನ್ನುವವರು ನೇರವಾಗಿ ಬೊಕ್ಕನೇಗ್ರಾಕ್ಕೆ ಹೋದರೂ ಅಡ್ಡಿಯಿಲ್ಲ, ಅಮೇಲಿಯಾಳ ಮೊದಲ ಹಾಡಿನಲ್ಲೇ ತೀರ್ಮಾನವಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಫ್ರೇನಿ ತೀರಾ ಸೌಮ್ಯವೆನಿಸಿದರೆ, ಎದೆ ಸೀಳುವ ನಾಟಕ ಬೇಕೆನಿಸಿದರೆ, 1956ರ ಮರಿಯಾ ಕಲಾಸ್ ಅವರ ಮಿಮಿಯನ್ನು ಕೇಳಿ. ಇನ್ನೂ ದೊಡ್ಡ, ಕೆನೆಗಟ್ಟಿದ ನಾದ ಬೇಕಾದರೆ 1959ರ ರೆನಾತಾ ತೆಬಾಲ್ದಿ. ಫ್ರೇನಿಗೆ ನಿಜವಾದ ಪೈಪೋಟಿ ಕೊಡುವವರು ಒಬ್ಬರೇ, ಬಾರ್ಸಿಲೋನಾದ ವಿಕ್ಟೋರಿಯಾ ದೆ ಲೋಸ್ ಆಂಖೆಲೆಸ್: 1956ರಲ್ಲಿ ಥಾಮಸ್ ಬೀಚಮ್ ನಿರ್ದೇಶನದಲ್ಲಿ, ಯೂಸಿ ಬ್ಯೋರ್ಲಿಂಗ್ ಜೊತೆ. ಮುದ್ರಣ ಮೊನೊ, ಅಂದರೆ ಎಡ ಬಲದ ಹರವು ಇಲ್ಲ. ಅದನ್ನು ಕೊಳ್ಳುವ ಮೊದಲು ಆ್ಯಪ್‌ನಲ್ಲಿ ಮೊದಲ ಅಂಕ ಕೇಳಿ ನೋಡಿ, ಹಳೆಯ ಸದ್ದು ನಿಮ್ಮ ಕಿವಿಗೆ ಒಗ್ಗುತ್ತದೆಯೇ ಎಂದು.